ಮೂವತ್ತೊಂದು ಜಲಪಾತಗಳ ಹಾಳೆ

"ಏನ್ರೀ ಮಾಡ್ತಿದ್ದೀರಿ? ಪುಸ್ತಕ ಹರೀತಿದ್ದೀರಾ?!"

ಸದ್ದು ಮಾಡಬಾರದು ಎಂದು ವಾಚನಾಲಯದ ನಾಲ್ಕು ಗೋಡೆಗೂ ಬರೆದು ಹಾಕಿತ್ತು. ಆದರೂ ಅವಳು ಕೂಗಿಬಿಟ್ಟಳು. ಓದುತ್ತಿದ್ದ ಇಪ್ಪತ್ತು ತಲೆಗಳು ಒಟ್ಟಿಗೆ ಮೇಲೆದ್ದವು.

ಮೂಲೆಯ ಮೇಜಿನ ಹಿಂದೆ ಕೂತಿದ್ದವನು ಮಾತ್ರ ತಲೆ ಎತ್ತಲಿಲ್ಲ. ಅವನ ಮುಂದೆ ಒಂದು ದಪ್ಪ ಪುಸ್ತಕ ಅಂಗಾತ ಬಿದ್ದಿತ್ತು. ನಡುವಿನ ಒಂದು ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದ. ಚೂರೂ ಸದ್ದಿಲ್ಲದೆ ಹಾಳೆ ಕೈಗೆ ಬಂತು.

"ಹರೀತಿಲ್ಲ, ಬಿಡಿಸ್ತಿದ್ದೀನಿ. ಗೆದ್ದಲು ತಿಂದಿದೆ ನೋಡಿ. ಇದಕ್ಕೆ ಅಂಚು ಅಂಟಿಸಿ ಮತ್ತೆ ಕೂರಿಸಬೇಕು. ನಾನು ಇಲ್ಲಿನ ಬೈಂಡರ್."

ಅವಳಿಗೆ ಕಿವಿಯವರೆಗೆ ಬಿಸಿಯಾಯಿತು.

'ಅಯ್ಯೋ... ಮೊದಲ ದಿನವೇ ಮರ್ಯಾದೆ ಹೋಯಿತಲ್ಲ!'

"ಸದ್ದೇ ಬರಲಿಲ್ಲ..." ಎಂದಳು, ಏನಾದರೂ ಅನ್ನಬೇಕಲ್ಲ ಎಂದು.

ಅವನು ಒಂದು ಒದ್ದೆ ದಾರ ಎತ್ತಿ ತೋರಿಸಿದ. "ಇದನ್ನ ಹೊಲಿಗೆ ಸಂದಿಯಲ್ಲಿಟ್ಟು, ಪುಸ್ತಕ ಮುಚ್ಚಿ, ಒಂದು ಲೋಟ ಟೀ ಕುಡಿದು ಬರಬೇಕು. ಅಷ್ಟರಲ್ಲಿ ಕಾಗದ ಮೆತ್ತಗಾಗಿರುತ್ತೆ. ಎಳೆದರೆ ಬರುತ್ತೆ. ಅಕ್ಕಪಕ್ಕದ ಹಾಳೆಗೆ ಗೊತ್ತೇ ಆಗಲ್ಲ. ನಮ್ಮಪ್ಪ ಕಲಿಸಿದ ವಿದ್ಯೆ."

ಆಮೇಲೆ ತಲೆ ಎತ್ತಿ ಅವಳನ್ನು ನೋಡಿ ನಕ್ಕ. "ಕಳ್ಳ ಸಿಕ್ಕಿದ ಅಂದ್ಕೊಂಡ್ರಾ? ಪಾಪ..."

ಆ ನಗುವಿಗೆ ಅವಳ ಎದೆ ಒಂದು ಬಡಿತ ತಪ್ಪಿತು.

ಅವಳಿಗೆ ಇಪ್ಪತ್ತೊಂಬತ್ತು. ಅವಳು ಕಟ್ಟುತ್ತಿದ್ದ ಸರ್ಕಾರಿ ಪರೀಕ್ಷೆಗೆ ಮೂವತ್ತು ತುಂಬಿದವರು ಕೂರುವ ಹಾಗಿಲ್ಲ. ಅಂದರೆ ಈ ಸಲವೇ ಕೊನೆ. ಹಿಂದೆ ಎರಡು ಸಲ ಬರೆದಿದ್ದಳು. ಎರಡು ಸಲವೂ ಭೂಗೋಳ ಕೈಕೊಟ್ಟಿತ್ತು, ಅದರಲ್ಲೂ ಜಲಪಾತಗಳು. ಯಾವುದು ಯಾವ ನದಿಯದು, ಯಾವ ಜಿಲ್ಲೆಯದು, ಎಷ್ಟು ಅಡಿ ಎತ್ತರ... ಪರೀಕ್ಷೆಯ ಕೋಣೆಯಲ್ಲಿ ಕೂತರೆ ಸಾಕು, ದೇಶದ ನೀರೆಲ್ಲ ಒಂದಕ್ಕೊಂದು ಸೇರಿಹೋಗುತ್ತಿತ್ತು.

ಬೆಳಿಗ್ಗೆ ಎಂಟರಿಂದ ಮೂರರವರೆಗೆ ಟೈಲರ್ ಅಂಗಡಿಯಲ್ಲಿ ಶರ್ಟುಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿಯುವ ಕೆಲಸ. ಮನೆಯಲ್ಲಿ ಅಣ್ಣ, ಅತ್ತಿಗೆ. ಅತ್ತಿಗೆ ಕೆಟ್ಟವಳಲ್ಲ, ನಾಲಿಗೆ ಮಾತ್ರ ಸೂಜಿ.

"ನೀರು ಮೇಲಿಂದ ಕೆಳಗೆ ಬೀಳುತ್ತೆ. ಇಷ್ಟು ಓದೋಕೆ ಮೂರು ವರ್ಷ ಬೇಕೇನೇ?"

ಅವಳೂ ನಗುತ್ತಿದ್ದಳು. ನಕ್ಕು ಮತ್ತೆ ನೋಟ್ಸಿಗೆ ಬಗ್ಗುತ್ತಿದ್ದಳು.

ಆಗಿನ್ನೂ ಫೋನಿನಲ್ಲಿ ಫೋಟೋ ಹಿಡಿದುಕೊಳ್ಳುವ ಕಾಲವಲ್ಲ. ವಾಚನಾಲಯದಲ್ಲಿದ್ದ ಒಳ್ಳೆಯ ಭೂಗೋಳದ ಪುಸ್ತಕ ಒಂದೇ. ಅದನ್ನು ಹೊರಗೆ ಕೊಡುತ್ತಿರಲಿಲ್ಲ. ಅದರ ಒಂದು ಹಾಳೆಯ ಎರಡೂ ಬದಿಗೆ ದೇಶದ ಮೂವತ್ತೊಂದು ಜಲಪಾತಗಳ ಪಟ್ಟಿ, ಪ್ರತಿಯೊಂದರ ಪಕ್ಕ ಹೆಬ್ಬೆರಳಗಲದ ಚಿತ್ರ. ಬೈಂಡರನ ಮೇಜಿನ ಮೇಲೆ ಅಂಗಾತ ಬಿದ್ದಿದ್ದದ್ದು ಅದೇ ಪುಸ್ತಕ.

"ಆಯ್ತಾ?" ಎಂದು ದಿನಾ ಬಂದು ಕೇಳುತ್ತಿದ್ದಳು.

"ಗೋಂದು ಒಣಗಬೇಕು."

"ಇವತ್ತು?"

"ಪುಸ್ತಕದ ಬೆನ್ನು ಕೂರಬೇಕು. ಬಿಡಿ ಹಾಳೆ ಕೈಗೆ ಕೊಡೋ ಹಾಗಿಲ್ಲ. ಬೇಕಾದ್ರೆ ಕೂತ್ಕೊಳ್ಳಿ, ದಿನಕ್ಕೆ ಎರಡು ಹೇಳಿಕೊಡ್ತೀನಿ."

ಏಳನೇ ತರಗತಿಗೆ ಶಾಲೆ ಬಿಟ್ಟವನು. ಆದರೆ ಕೈಗೆ ಬಂದ ಪುಸ್ತಕವನ್ನೆಲ್ಲ ಓದಿಯೇ ಕಟ್ಟುತ್ತಿದ್ದ. ಚಿತ್ರ ತೋರಿಸಿ ಅಡ್ಡಹೆಸರಿಡುವುದು ಅವನ ಪಾಠದ ಕ್ರಮ. ಮೂರು ಎಳೆಯಾಗಿ ಬೀಳುವುದು 'ಜಡೆ'. ಬಂಡೆಗೆ ಬಡಿದು ಹೊಗೆಯಾಗುವುದು 'ಬೀಡಿ ತಾತ'. ಎತ್ತರವೇ ಇಲ್ಲದೆ ಗದ್ದಲ ಮಾತ್ರ ಮಾಡುವುದು...

"ಇದು ನಮ್ಮ ಅತ್ತಿಗೆ!" ಎಂದು ಅವಳೇ ಹೆಸರಿಟ್ಟಳು. ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

"ನಾಳೆ ಕೇಳ್ತೀನಿ ಕಾಜಾ ಮೇಡಂ. ಮರೆತರೆ ಬೆಂಚಿನ ಮೇಲೆ ನಿಲ್ಲಿಸ್ತೀನಿ."

ಒಂಬತ್ತು ದಿನ, ಹದಿನೆಂಟು ಜಲಪಾತ. ಒಂದೂ ಮರೆಯಲಿಲ್ಲ. ಅಂಗಡಿಯಲ್ಲಿ ಕಾಜಾ ಹೊಲಿಯುವಾಗ ನದಿಗಳ ಹೆಸರಿನ ಜೊತೆಗೆ ಅವನ ದನಿಯೂ ಕಿವಿಯಲ್ಲಿರುತ್ತಿತ್ತು.

ಹತ್ತನೆಯ ದಿನ ಪುಸ್ತಕ ಕಪಾಟಿಗೆ ಹೋಯಿತು. ಹೋದದ್ದೇ ತಡ, ಅವಳಿಗೆ ಸಿಗದಾಯಿತು.

ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಮೂವರು ಬಂದು ಅದನ್ನು ಹಿಡಿದುಕೊಳ್ಳುತ್ತಿದ್ದರು. ಒಬ್ಬ ಬಿಟ್ಟರೆ ಇನ್ನೊಬ್ಬ. ಅವರ ಮುಂದಾಳು ಸದಾ ಉಣ್ಣೆ ಟೋಪಿ ಹಾಕುತ್ತಿದ್ದ, ಎಲ್ಲರೂ ಅವನನ್ನು ಟೋಪಿ ಅಂತಲೇ ಕರೆಯುತ್ತಿದ್ದರು.

"ಅರ್ಧ ಗಂಟೆ ಕೊಡಿ ಸಾಕು," ಎಂದು ಬೇಡಿದಳು.

"ಸಾಲಿದೆ ಮೇಡಂ. ನಾಳಿದ್ದು ನೋಡೋಣ." ಟೋಪಿ ತಲೆ ಎತ್ತಲೂ ಇಲ್ಲ.

ನಾಳಿದ್ದೂ ಅದೇ ಉತ್ತರ. ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು. ಹದಿಮೂರು ಜಲಪಾತ ಉಳಿದಿತ್ತು.

ಅವತ್ತು ನಾಲ್ಕು ಗಂಟೆಗೆ ಮೂವರೂ ಟೀಗೆ ಎದ್ದು ಹೋದರು. ಪುಸ್ತಕ ಮೇಜಿನ ಮೇಲೇ ಇತ್ತು. ಬೈಂಡರ್ ಒಳಕೋಣೆಯಲ್ಲಿದ್ದ.

ಅವಳು ಬರೆದುಕೊಳ್ಳಲೆಂದೇ ತೆರೆದಳು. ದೇವರಾಣೆಗೂ ಅಷ್ಟೇ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಹೊರಗೆ ಟೋಪಿಯ ನಗು ಕೇಳಿತು. ಬರೆಯುವುದು ನಿಲ್ಲಿಸಿದಳು. ಚೀಲದಲ್ಲಿ ಕಾಜಾದ ನೀಲಿ ದಾರವಿತ್ತು, ನೀರಿನ ಬಾಟಲಿಯಿತ್ತು...

ಆಮೇಲೆ ತಾನು ಮಾಡಿದ್ದು ಅವಳಿಗೆ ಬೇರೆ ಯಾರೋ ಮಾಡಿದ ಹಾಗೆ ನೆನಪಿತ್ತು. ದಾರ ಇಟ್ಟದ್ದು, ಪುಸ್ತಕ ಮುಚ್ಚಿ ಅದರ ಮೇಲೆ ಮೊಣಕೈ ಊರಿ ಕೂತದ್ದು. ಹೊರಗೆ ಅವರ ಹರಟೆ ಮುಗಿಯಲಿಲ್ಲ. ಅದೇ ಅವಳ ದುರದೃಷ್ಟ. ಎಳೆದಳು. ಸದ್ದಿಲ್ಲದೆ ಬಂತು.

ಮನೆಗೆ ಹೋಗಿ, ಕೋಣೆಯ ಚಿಲಕ ಹಾಕಿ, ಹಾಳೆ ಬಿಡಿಸಿದಳು. ಅಕ್ಷರಗಳೇನೋ ಕಂಡವು. ಒಂದೂ ತಲೆಗಿಳಿಯಲಿಲ್ಲ. ಮುಂಚೆ ಕಲಿತಿದ್ದ ಜಡೆ, ಬೀಡಿ ತಾತ ಕೂಡ ಮರೆತುಹೋದಂತಾಯಿತು.

'ಛೀ... ನಾನಾ ಇದನ್ನ ಮಾಡಿದ್ದು? ನಾಳೆ ಯಾರಿಗೂ ಗೊತ್ತಾಗೋ ಮುಂಚೆ ಇಟ್ಟುಬಿಡ್ತೀನಿ.'

ಆದರೆ ಮರುದಿನ ಅವಳು ಹೋಗುವಷ್ಟರಲ್ಲಿ ವಾಚನಾಲಯದ ಮೇಲ್ವಿಚಾರಕಿಯ ಮೇಜಿನ ಸುತ್ತ ಗುಂಪು ಸೇರಿತ್ತು. ನಡುವೆ ಬೈಂಡರ್ ನಿಂತಿದ್ದ.

"ನಿನ್ನೆ ಮಧ್ಯಾಹ್ನ ನಾವೇ ಓದಿದೀವಿ ಮೇಡಂ, ಜಲಪಾತದ ಹಾಳೆ ಇತ್ತು!" ಟೋಪಿ ಕೂಗುತ್ತಿದ್ದ.

ಮೇಲ್ವಿಚಾರಕಿ ಕನ್ನಡಕ ಏರಿಸಿ ಪುಸ್ತಕದ ಸಂದಿ ನೋಡಿದರು. "ಬೇರೆಯವರಾಗಿದ್ರೆ ಬ್ಲೇಡು ಹಾಕ್ತಿದ್ರು, ಇಲ್ಲ ಪರ್ ಅಂತ ಹರೀತಿದ್ರು. ಇಷ್ಟು ನಾಜೂಕಾಗಿ ಬಿಡಿಸೋ ಕೈ ಇಲ್ಲಿ ಒಂದೇ ಇರೋದು. ಏನಪ್ಪಾ? ಯಾರಿಗೆ ಕೊಟ್ಟೆ ಹಾಳೇನ?"

ಅವನು ಬಗ್ಗಿ ಆ ಸಂದಿಯ ಮೇಲೆ ಬೆರಳಾಡಿಸಿದ. ಬೆರಳ ತುದಿಗೆ ಕೂದಲೆಳೆಯಷ್ಟು ನೀಲಿ ನೂಲು ಅಂಟಿಕೊಂಡು ಬಂತು. ಅದನ್ನು ನೋಡಿದ. ನಿಧಾನವಾಗಿ ಕತ್ತೆತ್ತಿ ಅವಳನ್ನು ನೋಡಿದ. ಒಂದೇ ಒಂದು ಸಲ.

ಅವಳು ಕಣ್ಣು ತಗ್ಗಿಸಿದಳು. ಹಾಳೆ ಅವಳ ಹೆಗಲ ಚೀಲದಲ್ಲೇ ಇತ್ತು.

'ಹೇಳು... ಈಗಲೇ ಹೇಳು...' ಎದೆ ಬಡಿದುಕೊಂಡಿತು. ಚೀಲದ ಬಾಯನ್ನು ಕೈಯಿಂದ ಮುಚ್ಚಿ ಹಿಡಿದಳು.

ಅವನು ಆ ನೂಲನ್ನು ಊದಿಬಿಟ್ಟ. "ವಿದ್ಯೆ ನನ್ನದೇ ಮೇಡಂ. ತಪ್ಪೂ ನನ್ನದೇ ಅಂತ ಇಟ್ಕೊಳ್ಳಿ."

"ಹಾಗಾದ್ರೆ ನಾಳೆಯಿಂದ ಬರಬೇಡ!"

ಸೂಜಿ, ದಬ್ಬಳ, ಗೋಂದಿನ ಡಬ್ಬಿಯನ್ನು ಚೀಲಕ್ಕೆ ತುಂಬಿಕೊಂಡು ಅವನು ಹೊರಟ. ಅವಳ ಪಕ್ಕದಲ್ಲೇ ಹಾದುಹೋದ. ಅವಳು ಅವನ ಚಪ್ಪಲಿಯನ್ನು ಬಿಟ್ಟು ಇನ್ನೇನೂ ನೋಡಲಿಲ್ಲ.

ನಾಲ್ಕು ದಿನ ಕಳೆಯಿತು. 'ಹಾಳೆ ಕಳ್ಳ' ಎಂಬ ಹೆಸರು ಬೀದಿಯವರೆಗೂ ಹೋಯಿತು. ಮೂಲೆಯ ಮೇಜಿನ ಮೇಲೆ ಯಾರೋ ಹಳೆ ಪತ್ರಿಕೆಗಳ ಕಟ್ಟು ಎಸೆದಿದ್ದರು. ಅವಳು ಮೂರು ಶರ್ಟಿಗೆ ಕಾಜಾವನ್ನು ತಪ್ಪು ಪಟ್ಟಿಗೆ ಹೊಲಿದು ಬೈಸಿಕೊಂಡಳು. ತಟ್ಟೆಯ ಊಟ ತಟ್ಟೆಯಲ್ಲೇ ಉಳಿಯುತ್ತಿತ್ತು.

"ಏನಾಗಿದೆಯೇ ನಿನಗೆ?" ಅತ್ತಿಗೆ ಎದುರಿಗೇ ಬಂದು ಕೂತಳು. "ಹೇಳ್ತೀಯೋ, ನಿಮ್ಮಣ್ಣನ್ನ ಕರೀಲೋ?"

ಅವಳು ಎಲ್ಲವನ್ನೂ ಹೇಳಿದಳು. ಅತ್ತಿಗೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಅವನಿಗೆ ಗೊತ್ತಿತ್ತಾ, ನೀನೇ ಅಂತ?"

"ಗೊತ್ತು ಅತ್ತಿಗೆ. ನನ್ನ ಕಂಡು ಅಸಹ್ಯವಾಗಿರಬೇಕು. ಅದಕ್ಕೇ ಮಾತಾಡದೆ ಹೋದ್ರು..."

"ಅಸಹ್ಯವಾದವರು ಬಾಯಿ ಬಿಡ್ತಾರೆ ಕಣೇ. ಬಾಯಿ ಮುಚ್ಚಿಕೊಂಡು ಹೋಗೋರಿಗೆ ಬೇರೆ ಕಾಯಿಲೆ ಇರುತ್ತೆ." ಅತ್ತಿಗೆ ಅವಳ ಕಣ್ಣನ್ನು ತನ್ನ ಸೆರಗಿನಲ್ಲೇ ಒರೆಸಿದಳು. "ಹೋಗು, ಮೊದಲು ಹೇಳು. ಅಳೋದು ಆಮೇಲೆ."

ಮರುದಿನ ನಾಲ್ಕು ಗಂಟೆಗೆ ವಾಚನಾಲಯ ತುಂಬಿತ್ತು. ಖಾಲಿ ಇದ್ದಾಗ ಬಂದು ಮೇಲ್ವಿಚಾರಕಿಗೆ ಒಬ್ಬರಿಗೇ ಹೇಳಬಹುದಿತ್ತು. ಆದರೆ ಅವನನ್ನು ಕಳ್ಳ ಎಂದದ್ದು ಎಲ್ಲರ ಮುಂದೆ. ಅವಳು ಹಾಳೆಯನ್ನು ಮೇಜಿನ ಮೇಲಿಟ್ಟಳು.

"ಇದನ್ನ ಕದ್ದಿದ್ದು ನಾನು."

ದನಿ ಸಣ್ಣಗಿತ್ತು. ಹಿಂದಿನ ಸಾಲಿನವರಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಬೇಕಾಯಿತು. ಆ ಎರಡನೆಯ ಸಲವೇ ಕಷ್ಟ.

"ಕದ್ದಿದ್ದು ನಾನು! ಬೈಂಡರ್ ಅಲ್ಲ. ಅವರು ಕಲಿಸಿದ ವಿದ್ಯೆಯನ್ನೇ ಅವರಿಗೆ ತಿರುಗಿಸಿದೆ. ಅವರು ನನ್ನ ಹೆಸರು ಹೇಳಲಿಲ್ಲ. ನಾನು... ನಾನು ಇಲ್ಲೇ ನಿಂತಿದ್ದೆ, ಸುಮ್ಮನಿದ್ದೆ."

ಯಾರೋ ಹಿಂದೆ 'ಥೂ' ಎಂದರು. ಅವಳು ತಿರುಗಿ ನೋಡಲಿಲ್ಲ. ಅದು ತನಗೆ ಸಲ್ಲಬೇಕಾದದ್ದೇ.

ಮೇಲ್ವಿಚಾರಕಿ ಹಾಳೆಯ ಎರಡೂ ಬದಿ ನೋಡಿದರು. "ಪರೀಕ್ಷೆಗೆ ಎಷ್ಟು ದಿನ ಇದೆ?"

"ಏಳು, ಮೇಡಂ."

"ಕಾರ್ಡ್ ಕೊಡು. ಈ ವರ್ಷ ಪೂರ್ತಿ ಒಳಗೆ ಕಾಲಿಡೋ ಹಾಗಿಲ್ಲ."

"ಸರಿ ಮೇಡಂ."

ಕಾರ್ಡನ್ನು ಡ್ರಾಯರಿಗೆ ಹಾಕಿದ ಮೇಲೆ ಮೇಲ್ವಿಚಾರಕಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಹನ್ನೊಂದು ವರ್ಷದಿಂದ ಇಲ್ಲಿ ಕೂತು ಹೊಲೀತಿದ್ದವನು. ಒಂದು ಮಾತು ವಿಚಾರಿಸಬೇಕಿತ್ತು ನಾನು..." ಟೋಪಿಯ ಕಡೆ ತಿರುಗಿದರು. "ಏಯ್, ಸೈಕಲ್ ಇದೆಯಲ್ಲ? ಅವನು ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿರ್ತಾನೆ. ಕರ್ಕೊಂಡು ಬಾ. ಕಳ್ಳ ಅಂದವರೇ ಹೋಗಿ ಕರೀಬೇಕು."

ಟೋಪಿ ಸೈಕಲ್ ಕೀ ಹಿಡಿದು ಎದ್ದ.

ಅವಳು ಹೊರಗಿನ ಮೆಟ್ಟಿಲ ಮೇಲೆ ಕೂತಳು. ಮನೆಗೆ ಹೋಗಲು ಕಾಲು ಬರಲಿಲ್ಲ. ಅವನು ಬಂದ. ಸೈಕಲ್ಲಿನಿಂದ ಇಳಿದು, ಅವಳನ್ನು ನೋಡದೆಯೇ ಒಳಗೆ ಹೋದ.

'ಸರಿ. ನನಗೆ ಅಷ್ಟೇ ಸಲ್ಲಬೇಕು...'

ಒಂದು ಗಂಟೆ ಕಳೆದಿರಬೇಕು. ಬಿಸಿಲು ಮೆಟ್ಟಿಲಿಂದ ಇಳಿದು ರಸ್ತೆಗೆ ಹೋಗಿತ್ತು. ಹಿಂದೆ ಚಪ್ಪಲಿಯ ಸದ್ದಾಯಿತು. ಒಂದು ಮೆಟ್ಟಿಲು ಮೇಲೆ ಅವನು ಕೂತ. ಅವನ ಬೆರಳುಗಳಲ್ಲಿ ಹಸಿ ಗೋಂದಿತ್ತು.

"ಕೂರಿಸಿದೆ. ಇನ್ನು ಅಲ್ಲಾಡಲ್ಲ," ಎಂದ.

"ನನ್ನ ಮೇಲೆ ಕೋಪ ಇಲ್ವಾ?"

"ಇದೆ."

ಅವಳು ತಲೆ ತಗ್ಗಿಸಿದಳು.

"ಹಾಳೆಗಲ್ಲ. ಅವತ್ತು ಪಕ್ಕದಲ್ಲೇ ಹೋದೆನಲ್ಲ, ನೀವು ಮುಖ ನೋಡಲಿಲ್ಲ. ಅದಕ್ಕೆ. ನಾಲ್ಕು ದಿನ ಅದೇ ಕಣ್ಣ ಮುಂದೆ."

"ಯಾವ ಮುಖ ಇಟ್ಕೊಂಡು ನೋಡ್ಲಿ?" ಅವಳು ತಟ್ಟನೆ ಅವನತ್ತ ತಿರುಗಿದಳು. "ನೀವಾದ್ರೂ ಯಾಕೆ ಸುಮ್ಮನಿದ್ರಿ? ನನ್ನ ಹೆಸರು ಹೇಳಬಹುದಿತ್ತಲ್ಲ!"

ಅವನು ಬೆರಳಿನ ಗೋಂದನ್ನು ಉಜ್ಜಿ ಉಜ್ಜಿ ತೆಗೆಯತೊಡಗಿದ. ಬಹಳ ಹೊತ್ತು ಅದೇ ಕೆಲಸ. ಅವನ ಕಿವಿ ಕೆಂಪಾಗಿದ್ದದ್ದು ಅವಳಿಗೆ ಈಗ ಕಂಡಿತು.

"ಹೇಳಿದ್ರೆ ನನ್ನದೂ ಹೇಳಬೇಕಾಗ್ತಿತ್ತು," ಎಂದ ಕೊನೆಗೆ. "ಆ ಪುಸ್ತಕ ಮೂರು ದಿನದ ಕೆಲಸ. ಒಂಬತ್ತು ದಿನ ಇಟ್ಕೊಂಡೆ."

"...ಏನು?"

"ಗೋಂದು ಒಣಗಿತ್ತು. ಬೆನ್ನೂ ಕೂತಿತ್ತು. ಮೊದಲ ದಿನವೇ ಹಾಳೆ ನಿಮ್ಮ ಮುಂದೆ ಇಟ್ಟಿದ್ರೆ ಎರಡು ಗಂಟೇಲಿ ಪೂರ್ತಿ ಬರ್ಕೊಂಡು ಹೋಗ್ತಿದ್ರಿ. ಆಮೇಲೆ ಆ ಮೂಲೆಗೆ ಯಾಕೆ ಬರ್ತೀರಿ? ಅದಕ್ಕೇ ದಿನಕ್ಕೆ ಎರಡೆರಡು..." ಅವನ ದನಿ ಕೆಳಗಿಳಿಯಿತು. "ನಿಮಗೆ ಇದೇ ಕೊನೇ ಸಲ ಅಂತ ಗೊತ್ತಿತ್ತು. ಗೊತ್ತಿದ್ದೂ ಹಾಗೆ ಮಾಡಿದೆ. ಆ ನೀಲಿ ದಾರ ನೋಡಿದಾಗ, ನಿಮ್ಮ ಕೈಲಿ ಇದನ್ನ ಇಡಿಸಿದ್ದು ನಾನೇ ಅನ್ನಿಸ್ತು."

ಅವಳಿಗೆ ನಗು ಬಂತೋ ಅಳು ಬಂತೋ, ಯಾವುದು ಮೊದಲು ಬಂತೆಂದು ಅವಳಿಗೇ ಗೊತ್ತಾಗಲಿಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಅಯ್ಯೋ, ಅಳಬೇಡಿ... ಬೈಯಿರಿ ಬೇಕಾದ್ರೆ!"

"ನೀವೂ ಕಳ್ಳರೇ!" ಸೆರಗಿನೊಳಗಿಂದಲೇ ಅಂದಳು.

"ಹೂಂ. ನಾನು ನಿಮ್ಮ ದಿನಗಳನ್ನ ಕದ್ದೆ."

"ನಾನು ಮಾಡಿದ್ದು ಅದರಿಂದ ಚಿಕ್ಕದಾಗಲ್ಲ."

"ಆಗಲ್ಲ," ಎಂದು ಒಪ್ಪಿಕೊಂಡ. "ನಂದೂ ಆಗಲ್ಲ."

ಒಳಗೆ ದೀಪ ಹತ್ತಿತು. ಓದುವವರು ಒಬ್ಬೊಬ್ಬರೇ ಹೊರಬಂದು ಅವರನ್ನು ಬಳಸಿಕೊಂಡು ಇಳಿದು ಹೋದರು. ಕೆಲವರು ಅವಳತ್ತ ನೋಡಿ ಮುಖ ತಿರುಗಿಸಿದರು. ಅವಳು ಈ ಸಲ ತಲೆ ತಗ್ಗಿಸಲಿಲ್ಲ. ನಾಚಿಕೆಯೇನೋ ಇತ್ತು. ಹಿಂದಿನ ಮೆಟ್ಟಿಲಲ್ಲಿ ಅದನ್ನು ಬಲ್ಲವನೊಬ್ಬ ಕೂತಿದ್ದ, ಅಷ್ಟೇ.

"ಉಳಿದ ಹದಿಮೂರು?" ಎಂದ ಅವನು.

"ಬಿಡಿ. ಕಾರ್ಡೇ ಹೋಯಿತು."

"ಕಾರ್ಡ್ ಒಳಗೆ ಕೂರೋಕೆ. ಮೆಟ್ಟಿಲಿಗೆ ಕಾರ್ಡ್ ಯಾಕೆ? ಹಾಳೆ ನನ್ನ ತಲೇಲಿದೆ. ಇವತ್ತೇ ಹದಿಮೂರೂ ಹೇಳ್ತೀನಿ. ಎರಡೆರಡು ಅಲ್ಲ."

ಅವಳು ನೋಟ್‌ಬುಕ್ ತೆಗೆದಳು. ಪೆನ್ನಿನ ಮುಚ್ಚಳ ಬಿಚ್ಚಿದಳು. ಅವನು ಮಾತ್ರ ಶುರು ಮಾಡಲಿಲ್ಲ. ರಸ್ತೆ ನೋಡುತ್ತಾ ಕೂತಿದ್ದ.

"ಒಂದು ಕೇಳ್ಲಾ?"

"ಕೇಳಿ."

"ಇಲ್ಲಿಗೆ ಓದೋಕೆ ಬರೋ ಹುಡುಗಿಯರೆಲ್ಲ ನನ್ನ 'ಅಣ್ಣ' ಅಂತಲೇ ಕರೆಯೋದು. ನೀವು ಒಂದು ದಿನವೂ ಕರೀಲಿಲ್ಲ. ಯಾಕೆ?"

ಅವಳು ಪೆನ್ನು ಕೆಳಗಿಟ್ಟಳು.

"...ಬಾಯಿಗೆ ಬರಲಿಲ್ಲ," ಎಂದಳು.

"ಮುಂದೆ ಬರಬಹುದಾ?"

"ಯಾವತ್ತೂ ಬರಲ್ಲ."

ಅವನು ಕೆಳಗಿನ ಮೆಟ್ಟಿಲಿಗೆ, ಅವಳ ಪಕ್ಕಕ್ಕೆ ಇಳಿದು ಕೂತ.

"ಹಾಗಾದ್ರೆ ಬರ್ಕೊಳ್ಳಿ," ಎಂದ. "ಹತ್ತೊಂಬತ್ತನೆಯದು..."