ಅಮ್ಮನ ಆಳು

“ಬೇಡ ಅಂದ್ರೆ ಬೇಡ. ಹೊಳೆ ತುಂಬಿ ಹರೀತಿದೆ, ನಿಂಗೆ ಈಜು ಬೇರೆ ಬರಲ್ಲ,” ಎಂದ ಅಪ್ಪ, ಒಲೆಯಿಂದ ಬ್ರೆಡ್ ತೆಗೆಯುತ್ತ.

“ಎಲ್ರೂ ಹೋಗ್ತಿದಾರೆ! ಸೈಲಸ್ ನಿನ್ನೆ ಇಷ್ಟುದ್ದದ ಹಾವುಮೀನು ಹಿಡ್ದ!”

“ಹಿಡೀಲಿ. ನೀನು ಹಿಟ್ಟು ಜರಡಿ ಹಿಡಿ.”

ಟ್ಯಾಬಿಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಶಾಲೆಯಲ್ಲಿ ಸೈಲಸ್ ತನ್ನನ್ನು ಅಣಕಿಸಿದ್ದ ಮಾತನ್ನೇ ಈಗ ಅಪ್ಪನ ಮೇಲೆ ಎಸೆದಳು.

“ನೀನು ಅಮ್ಮನ ಆಳು! ನಂಗೇನು ಹೇಳೋದು? ಅಮ್ಮ ದೂರು ಕೊಟ್ರೆ ಚಾಟೀಲಿ ಹೊಡೀತಾರೆ, ಗೊತ್ತಾ?”

ಅದೇನೂ ಸುಳ್ಳಲ್ಲ. ಇಂಗ್ಲೆಂಡಿನಲ್ಲಿ ಒಂದು ಥಾನು ಬಟ್ಟೆ ಕದ್ದದ್ದಕ್ಕೆ ಅಪ್ಪನನ್ನು ಹಡಗಿಗೆ ತುಂಬಿ ಇಷ್ಟು ದೂರ, ಸಿಡ್ನಿಗೆ ಸಾಗಿಸಿದ್ದರು. ಟ್ಯಾಬಿಯನ್ನು ಕಟ್ಟಿಕೊಂಡು ಅಮ್ಮನೂ ಸಮುದ್ರ ದಾಟಿ ಬಂದಳು. ಇಲ್ಲಿ ಸರ್ಕಾರ ಕೈದಿಗಳನ್ನು ಮನೆಮನೆಗೆ ಆಳಾಗಿ ಕೊಡುತ್ತಿತ್ತು. ಅಮ್ಮ ಹೋಗಿ ತನ್ನ ಗಂಡನನ್ನೇ ಆಳಾಗಿ ಕೊಡಿ ಎಂದು ಕೇಳಿದಳು, ಕೊಟ್ಟರು! ಇಂಥ ತಮಾಷೆ ಬೇರೆಲ್ಲಾದರೂ ಉಂಟೇ? ಆದರೆ ಒಂದು ದೂರು ಹೋದರೆ ಸಾಕು, ಕಾಲಿಗೆ ಸಂಕೋಲೆ ಹಾಕಿ ರಸ್ತೆ ಕೆಲಸಕ್ಕೆ ಅಟ್ಟುತ್ತಿದ್ದರು.

“ಏನದು ದೂರು?”

ಬಾಗಿಲಲ್ಲಿ ಪೇದೆ ಕ್ರಾಡಕ್ ನಿಂತಿದ್ದ. ಅಮ್ಮ ಮಾರುವ ಬ್ರೆಡ್ ಕೊಳ್ಳಲು ಬಂದಿದ್ದ.

ಅಪ್ಪ ತಟ್ಟನೆ ಟೋಪಿ ತೆಗೆದ. ಗೋಡೆಗೆ ಒತ್ತಿಕೊಂಡು, ನೆಲ ನೋಡುತ್ತ ನಿಂತ. ತಮ್ಮದೇ ಅಡುಗೆಮನೆಯಲ್ಲಿ ಅಪ್ಪ ಹೀಗೆ ನಿಂತದ್ದನ್ನು ಟ್ಯಾಬಿ ಎಂದೂ ನೋಡಿರಲಿಲ್ಲ.

ಅಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು. “ನಂದೇನೂ ದೂರಿಲ್ಲ, ಸಾಹೇಬ್ರೇ.”

“ನಿನ್ನನ್ನಲ್ಲಮ್ಮ ಕೇಳಿದ್ದು. ಈ ಆಳು ಎದುರು ಮಾತಾಡಿದ್ನಾ? ಹೇಳು ಮರಿ, ಹೆದರ್ಬೇಡ.”

ಅಮ್ಮ ಟ್ಯಾಬಿಯನ್ನೇ ನೋಡುತ್ತಿದ್ದಳು. ಅಪ್ಪ ಮಾತ್ರ ತಲೆ ಎತ್ತಲಿಲ್ಲ.

“ಎದುರು ಮಾತಾಡಿದ್ದು ನಾನು,” ಎಂದಳು ಟ್ಯಾಬಿ. “ಹೊಳೆಗೆ ಹೋಗ್ತೀನಿ ಅಂತ ಹಟ ಮಾಡ್ದೆ. ಅದಕ್ಕೇ ಬೈದ.”

“ಯಾರು ಬೈದಿದ್ದು?”

“ನಮ್ಮಪ್ಪ.”

ಕ್ರಾಡಕ್ ಗಲ್ಲ ಕೆರೆದುಕೊಂಡ. “ಅಪ್ಪ ಬೈದ್ರೆ ನಾನೇನು ಮಾಡ್ಲಿ? ಎಲ್ಲಿ, ನನ್ನ ಬ್ರೆಡ್ ಕೊಡಿ.”

ಅವನು ಬೀದಿಯ ತಿರುವು ದಾಟಿ ಹೋದ. ಆದರೂ ಅಪ್ಪ ಗೋಡೆ ಬಿಟ್ಟು ಕದಲಲಿಲ್ಲ.

ಟ್ಯಾಬಿ ಅವನ ಕೈಯಿಂದ ಟೋಪಿ ತೆಗೆದುಕೊಂಡಳು. ತಲೆ ಎಟುಕಲಿಲ್ಲ.

“ಅಪ್ಪಾ, ಸ್ವಲ್ಪ ಬಗ್ಗು.”

ಅಪ್ಪ ಬಗ್ಗಿದ. ಅವಳು ಟೋಪಿ ಇಟ್ಟು, ಎರಡೂ ಕೈಯಲ್ಲಿ ಕಿವಿಯವರೆಗೆ ಎಳೆದಳು. ಆಮೇಲೆ ಹೋಗಿ ಜರಡಿ ಎತ್ತಿಕೊಂಡಳು.

“ಎಷ್ಟು ಹಿಟ್ಟು ಹಿಡೀಲಿ ಅಪ್ಪಾ?”

ಅಪ್ಪ ಮೂಲೆಯತ್ತ ಕೈ ತೋರಿಸಿದ. “ಆ ಚೀಲ ಪೂರ್ತಿ.”

ಚೀಲ ದೊಡ್ಡದಿತ್ತು. ಟ್ಯಾಬಿ ಅದರ ಪಕ್ಕದಲ್ಲೇ ಕೂತು ಜರಡಿ ಹಿಡಿಯತೊಡಗಿದಳು.