ಬಸ್ಸು ಹತ್ತಿದ ಹುಡುಗಿ

"ಸಾರ್, ಬೇಜಾರು ಮಾಡ್ಕೋಬೇಡಿ. ನಿಮ್ಮ ಕಥೇಲಿ ಆ ಹುಡುಗಿ ಅವನನ್ನ ಬಿಟ್ಟು ಬಸ್ ಯಾಕೆ ಹತ್ತಿದ್ಲು? ನಮ್ಮಮ್ಮ ಸಾಯೋವರೆಗೂ ಇದನ್ನೇ ಕೇಳ್ತಿದ್ಲು."

ಜೊಂಜು ಪೇಟೆಯ ಪುಸ್ತಕದಂಗಡಿಯಲ್ಲಿ ಹಸ್ತಾಕ್ಷರಕ್ಕಾಗಿ ಉದ್ದ ಸಾಲು. ಮೇಜಿನ ಹಿಂದೆ ಕುಳಿತಿದ್ದ ಕಾದಂಬರಿಕಾರ ತೇಮುಕ್ ಸುಮ್ಮನೆ ನಕ್ಕ. ನರೆತ ತಲೆ, ದೇಶಕ್ಕೆಲ್ಲ ಗೊತ್ತಿರುವ ಮುಖ.

"ನಂಗೂ ಗೊತ್ತಿಲ್ಲಮ್ಮ. ಕಥೆಗೆ ಆ ಚಿತ್ರ ಬರೆದುಕೊಟ್ಟವರನ್ನೇ ಕೇಳ್ಬೇಕು."

ಆ ಹೆಂಗಸಿನ ಹಿಂದೆಯೇ ನಿಂತಿದ್ದ ಯಂಗ್ಸಿಲ್‌ಳ ಮುಖ ತಾನಾಗಿಯೇ ಪಕ್ಕಕ್ಕೆ ತಿರುಗಿತು. ಚಿತ್ರ ಬರೆದವಳು ಅವಳೇ!

ಛೆ, ಬರಬಾರದಿತ್ತು... ದೂರದಿಂದ ಒಮ್ಮೆ ನೋಡಿ ಹೋಗೋಣ ಅಂತಲ್ಲವೇ ಬಂದದ್ದು? ಅಷ್ಟರಲ್ಲಿ ಅವಳ ಸರದಿ ಬಂದೇಬಿಟ್ಟಿತು.

"ಹೆಸರು ಏನಂತ ಬರೀಲಿ?" ಅವನು ತಲೆಯೆತ್ತದೆ ಕೇಳಿದ.

"ಯಂಗ್ಸಿಲ್."

ಅವನ ಕೈ ನಿಂತಿತು. ನಿಧಾನವಾಗಿ ತಲೆಯೆತ್ತಿ ನೋಡಿದ.

"ಹೋಗ್ಬೇಡಿ," ಎಂದ ಮೆಲ್ಲಗೆ. "ಈ ಸಾಲು ಮುಗಿಯೋವರೆಗೆ ಇರಿ... ಈ ಸಲವಾದ್ರೂ."

ಅವಳು ಕಾದಳು.

ಇಬ್ಬರಿಗೂ ಮೂವತ್ತು ತುಂಬುವ ಮೊದಲಿನ ಮಾತು. ಸಿಯೋಲ್‌ನ ದಿನಪತ್ರಿಕೆಯೊಂದರಲ್ಲಿ ಅವನ ಧಾರಾವಾಹಿ ಬರುತ್ತಿತ್ತು, ಚಿತ್ರ ಅವಳದು. ಅವನೋ ಮಹಾ ಸೋಮಾರಿ. ಬರೆದು ಕೊಡುವಷ್ಟರಲ್ಲಿ ಅಚ್ಚಿನವರ ಕೂಗಾಟ ಶುರುವಾಗಿರುತ್ತಿತ್ತು. ಹಾಗಾಗಿ ಮರುದಿನದ ಸನ್ನಿವೇಶವನ್ನು ಮೊದಲೇ ಫೋನಿನಲ್ಲಿ ಹೇಳುವನು. ಅವಳು ಚಿತ್ರ ಬರೆದುಬಿಡುವಳು. ಆಮೇಲೆ ಆ ಚಿತ್ರ ನೋಡಿಕೊಂಡು ಅವನು ಕಥೆ ಬರೆಯುವನು. ಫೋನಿನಲ್ಲಿ ಕಥೆ ಕಾಲು, ಹರಟೆ ಮುಕ್ಕಾಲು. ಊರಿಗೆಲ್ಲ ಪ್ರೇಮ ಕಲಿಸುವ ಗಂಡಸಿಗೆ ತನ್ನ ಪ್ರೇಮ ಹೇಳಲು ಮಾತ್ರ ಬಾಯಿ ಬರಲಿಲ್ಲ ನೋಡಿ.

ಒಂದು ದಿನ ಫೋನಿನಲ್ಲಿ ಇಷ್ಟೇ ಅಂದ: "ಬಸ್ ಬಂದಿದೆ. ಅವನು ಕಾಯ್ತಿದ್ದಾನೆ. ಅವಳು ಹತ್ತಿ ಹೋಗ್ತಾಳೋ, ಅವನ ಹತ್ರ ಉಳೀತಾಳೋ... ನೀವೇ ಬರೀರಿ."

ತೇಮುಕ್‌ಗೆ ಹೆಣ್ಣು ಗೊತ್ತಾಯಿತಂತೆ ಎಂದು ಅಂದು ಬೆಳಿಗ್ಗೆಯಷ್ಟೇ ಪತ್ರಿಕೆಯ ಕಚೇರಿಯಲ್ಲಿ ಯಾರೋ ಆಡಿಕೊಂಡಿದ್ದರು. ಯಂಗ್ಸಿಲ್‌ಗೆ ಮೈಯೆಲ್ಲ ಉರಿಯಿತು. ಬೇರೆಯವಳನ್ನು ಕಟ್ಟಿಕೊಳ್ಳುವವನು ನನ್ನ ಕೈಯಿಂದಲೇ ನನ್ನನ್ನು ಸಾಗಹಾಕುತ್ತಿದ್ದಾನೆ!

ತಿರುಗಿಯೂ ನೋಡದೆ ಬಸ್ಸು ಹತ್ತುವ ಹುಡುಗಿಯ ಬೆನ್ನು ಬರೆದಳು. ಚಿತ್ರವನ್ನು ಕಚೇರಿಗೆ ಕಳಿಸಿ, ಊರಾದ ಜೊಂಜುವಿಗೆ ಬಂದವಳು ಮತ್ತೆ ಸಿಯೋಲ್ ಕಡೆ ತಲೆ ಹಾಕಲಿಲ್ಲ, ಮದುವೆಯೂ ಆಗಲಿಲ್ಲ. ಆ ಅಗಲಿಕೆಯ ಕಂತು ಓದಿ ದೇಶವೇ ಅತ್ತಿತು. ಅವನು ರಾತ್ರೋರಾತ್ರಿ ಹೆಸರುವಾಸಿಯಾದ.

ಸಾಲು ಕರಗಿದ ಮೇಲೆ ಇಬ್ಬರೂ ಪಕ್ಕದ ಸಾರನ್ನದ ಅಂಗಡಿಯಲ್ಲಿ ಎದುರುಬದುರು ಕುಳಿತರು. ಅವಳು ಆ ಬೆಳಗಿನ ಗಾಳಿಮಾತನ್ನು ಹೇಳಿದಳು. ತೇಮುಕ್‌ನ ಮುಖ ಬಿಳಿಚಿಕೊಂಡಿತು.

"ಹೆಣ್ಣು ಗೊತ್ತಾಗಿರ್ಲಿಲ್ಲ. ಅಪ್ಪ ತೋರಿಸಿದ ಹುಡುಗಿ ಬೇಡ ಅಂತ ಬೈಸ್ಕೊಂಡು ಬಂದೇ ನಿಮಗೆ ಫೋನ್ ಮಾಡಿದ್ದೆ. ಅವತ್ತು ಕಥೆ ಕೇಳ್ಲಿಲ್ಲ, ನಿಮ್ಮನ್ನೇ ಕೇಳಿದ್ದು."

"ಹಾಗೆ ಕೇಳ್ತಾರಾ ಯಾರಾದ್ರೂ?"

"ಹೇಡಿ ಹಾಗೇ ಕೇಳ್ತಾನೆ. ಆ ಬೆನ್ನು ನೋಡಿ, ಉತ್ತರ ಸಿಕ್ತು ಅಂದ್ಕೊಂಡೆ. ಆಮೇಲೆ ಅಪ್ಪ ತೋರಿಸಿದವಳನ್ನೇ ಮದುವೆಯಾದೆ. ಒಳ್ಳೆಯವಳು, ಪಾಪ. ತೀರ್ಕೊಂಡ್ಲು. ಅವಳಿಗೂ ನಾನು ಅರೆಮನಸ್ಸಿನ ಗಂಡನೇ."

ಯಂಗ್ಸಿಲ್‌ಗೆ ಅಳು ಒತ್ತರಿಸಿ ಬಂತು. ಒಂದು ಮಾತು ಕೇಳಿದ್ದರೆ... ಒಂದೇ ಒಂದು ಮಾತು... ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

"ನಂದೂ ತಪ್ಪಿದೆ. ಯಾರ್ಯಾರ ಮಾತನ್ನೋ ನಂಬಿದೆ, ನಿಮ್ಮನ್ನ ಕೇಳ್ಲಿಲ್ಲ. ಆ ವಯಸ್ಸು ಇನ್ನೆಲ್ಲಿ ಬರುತ್ತೆ?"

"ಬರಲ್ಲ. ಅದನ್ನ ನಾವಿಬ್ರೂ ಸೇರಿ ಹಾಳು ಮಾಡಿದ್ವಿ." ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. "ಇವತ್ತು ನೇರವಾಗೇ ಕೇಳ್ತೀನಿ. ಯಂಗ್ಸಿಲ್, ನಿನ್ನ ಪ್ರೀತಿಸ್ತೀನಿ. ಉಳಿದಷ್ಟು ದಿನ ನನ್ನ ಜೊತೆ ಇರ್ತೀಯಾ?"

"ಹಲ್ಲು ಬೀಳೋ ಕಾಲಕ್ಕೆ ಕೇಳ್ತಿದ್ದೀರಲ್ಲ, ನಾಚಿಕೆ ಆಗಲ್ವಾ?"

"ಆಗ್ತಿದೆ. ಆದ್ರೂ ಕೇಳ್ದೇನೇ ಸಾಯೋದಕ್ಕಿಂತ ವಾಸಿ."

ಅವಳು ಅವನ ಕೈ ಮೇಲೆ ತನ್ನ ಕೈಯಿಟ್ಟಳು.

"ಇರ್ತೀನಿ," ಎಂದಳು. "ತಿನ್ನಿ ಈಗ, ಸಾರು ಆರ್ತಿದೆ."