ಏರಿದ ಹಾಯಿ ಹೇಳಿದ ಸಾಕ್ಷಿ

ಶನಿವಾರ ಬೆಳಿಗ್ಗೆ ಹಾಯಿ ನೆತ್ತಿ ಮುಟ್ಟಿದ್ದೇ ತಡ, ಹಗ್ಗ ಹರಿದು ಧೊಪ್ಪನೆ ಕೆಳಗೆ ಬಿತ್ತು. ದೋಣಿ ಇನ್ನೂ ದುವಾರ್ನೆನೆ ಬಂದರಿನಲ್ಲೇ ಇತ್ತು. ಕತೆಲ್ ಮೊದಲ ಸಲ ಒಬ್ಬಳೇ ದ್ವೀಪಕ್ಕೆ ಹೊರಟ ದಿನ ಅದು. ಮಂಡಿನೋವಿನಿಂದ ಹಾಯಿ ಏರಿಸುವ ಕೂವೆಮರದವರೆಗೆ ಹೋಗಲಾಗದೆಂದು ಹಗ್ಗಗಳನ್ನೆಲ್ಲ ಚುಕ್ಕಾಣಿಯ ಬಳಿಗೇ ತಿರುಗಿಸಿ ಹಾಕಿಸಿಕೊಂಡಿದ್ದಳು.

ಹರಿದ ತುದಿ ಅರ್ಧ ನಾರುನಾರು, ಅರ್ಧ ನುಣುಪು. ಚಾಕುವಿನ ಕೆಲಸ.

"ಆ ಹಗ್ಗದ ಕೆಲಸದವಳು ರೋಜೆನ್, ಅವಳದೇ ಇದು," ಎನ್ನುತ್ತ ಕತೆಲ್ ಸ್ವಾಜಿಗ್ ಅಜ್ಜಿಯ ಕಾಫಿ ಅಂಗಡಿಗೆ ನುಗ್ಗಿದಳು. ಅಜ್ಜಿ ನಲವತ್ತು ವರ್ಷ ಹಾಯಿ ಹೊಲಿದವಳು. ಬಂದರಿನಲ್ಲಿ ಏನೇ ಕೇಡಾದರೂ ಜನ ಮೊದಲು ಅವಳಲ್ಲಿಗೇ ಬರುತ್ತಿದ್ದರು.

"ಹಾಕಿಕೊಟ್ಟವಳೇ ಕುಯ್ತಾಳೇನೇ?"

"ಮೂರು ದಿನ ನನ್ನ ಗಂಡ ಗುಲ್ವೆನ್ ಜೊತೆ ಕಿಸಿಕಿಸಿ ನಗ್ತಿದ್ಲು. ನಿನ್ನೆ ಸಂಜೆ ಒಂದು ಗಂಟೆ ಒಬ್ಳೇ ದೋಣೀಲಿದ್ಲು. ಕಿಟಕಿಯಿಂದ ನೋಡ್ತಾನೇ ಇದ್ದೆ."

"ವಾರವೆಲ್ಲ ಕಿಟಕೀಲೇ ಇದ್ಯಾ?"

ಕತೆಲ್ ಕಿವಿ ಬಿಸಿಯಾಯಿತು. ಇದ್ದಳು. ಒರೆಸಿದ ಬಟ್ಟಲನ್ನೇ ಒರೆಸುತ್ತ, ಒಂದೇ ಗಂಟಿನ ಮೇಲೆ ಬಾಗಿದ ಆ ಎರಡು ತಲೆಗಳನ್ನು ನೋಡುತ್ತ. ಐವತ್ತು ದಾಟಿದವಳಿಗೆ ಮೂವತ್ತರವಳ ಬೆನ್ನು ಕೂಡ ನಗುವಂತೆ ಕಾಣುತ್ತದೆ.

"ಹಗ್ಗ ಪೂರ್ತಿ ನೋಡಿದ್ದು ಯಾವತ್ತು?"

"ಸೋಮವಾರ. ನಾನೇ ಅಡಿಅಡಿಯಾಗಿ ಕೈಯಲ್ಲಿ ಹಾಯಿಸಿದೆ, ಸರಿಯಾಗಿತ್ತು. ಮಾರನೇ ದಿನ ಗುಲ್ವೆನ್ ಹಾಯಿ ಕಟ್ಟಿದ. ಗುರುವಾರ ಒಣಗ್ಲಿ ಅಂತ ಒಂದ್ಸಲ ಏರಿಸಿದ. ಆಮೇಲೆ ಹಾಯಿಯ ಹೊದಿಕೆ ಬಿಚ್ಚಿದ್ದು ಇವತ್ತೇ."

ಮಧ್ಯಾಹ್ನ ಅಜ್ಜಿ ಕತೆಲ್, ಗುಲ್ವೆನ್, ರೋಜೆನ್ ಮೂವರನ್ನೂ ದೋಣಿಯಲ್ಲಿ ಕೂರಿಸಿದಳು.

"ಹಗ್ಗ ಹರಿದಿದ್ದು ಇಲ್ಲಿ, ಚುಕ್ಕಾಣಿ ಪಕ್ಕ. ಹಾಯಿ ಕೆಳಗಿದ್ದಾಗ ಹಗ್ಗದ ಈ ಜಾಗ ಎಲ್ಲಿರುತ್ತೆ, ರೋಜೆನ್?"

"ಟೊಳ್ಳು ಕೂವೆಮರದ ಒಳಗೆ, ನೆತ್ತಿ ಹತ್ರ. ಹಾಯಿ ಏರಿದ ಹಾಗೆ ಅದು ಕೆಳಗಿಳಿದು ಇಲ್ಲಿಗೆ ಬರುತ್ತೆ."

"ಅಲ್ಲಿಗೆ ಚಾಕು ಹೋಗಲ್ಲ. ಹಾಯಿ ಪೂರ್ತಿ ಏರಿದ್ರೆ ಮಾತ್ರ ಈ ಜಾಗ ಕೈಗೆ ಸಿಗೋದು. ನಿನ್ನೆ ಇವಳು ಏರಿಸಿದ್ರೆ ಕಿಟಕಿಯವಳಿಗೆ ಕಾಣ್ತಿರ್ಲಿಲ್ವಾ? ಸೋಮವಾರದಿಂದೀಚೆ ಏರಿದ್ದು ಗುರುವಾರ ಒಂದೇ ಸಲ. ಅರ್ಧವೇ ಕುಯ್ದದ್ದು ಯಾಕೆ? ಬಂದರಲ್ಲೇ, ಬಿಗಿದ ತಕ್ಷಣ ಹರೀಲಿ ಅಂತ. ಕೊಲ್ಲೋಕಲ್ಲ, ಹೆದರಿಸೋಕೆ. ಅಲ್ವೇನೋ ಗುಲ್ವೆನ್?"

ಗುಲ್ವೆನ್ ತಲೆ ಎತ್ತಲಿಲ್ಲ. "ಇಪ್ಪತ್ತಾರು ವರ್ಷ ನೀನು ಚುಕ್ಕಾಣಿ ಹಿಡಿದು ಕೂಗ್ತಿದ್ದೆ, ನಾನು ಕೂವೆಮರದ ಹತ್ರ ನಿಂತು ಹಗ್ಗ ಎಳೀತಿದ್ದೆ. ಈಗ ಎಲ್ಲ ಹಗ್ಗನೂ ನಿನ್ನ ಮಡಿಲಿಗೇ ಬಂತು. ನಾನ್ಯಾಕೆ ಇನ್ನು?"

"ಇವಳ ಜೊತೆ ಅಷ್ಟು ನಗ್ತಿದ್ದೆಯಲ್ಲ?" ಕತೆಲ್ ಬಾಯಿಗೆ ಬಂದದ್ದು ಅದೇ.

"ಇದನ್ನ ಸ್ವಲ್ಪ ಹಿಡ್ಕೊಳ್ಳಿ ಅಂತ ಕೇಳ್ದೋಳು ಅವಳೊಬ್ಳೇ."

ಅವನೂ ತನ್ನ ಹಾಗೆಯೇ ವಾರವೆಲ್ಲ ಒಳಗೊಳಗೇ ಬೆಂದಿದ್ದ. ಕನಿಕರ ಬಂತು, ಆದರೆ ಇವತ್ತು ಉಳಿದರೆ ಇನ್ನೆಂದೂ ಹೊರಡಲಾರೆನೆಂದು ಅವಳಿಗೆ ಗೊತ್ತಿತ್ತು.

"ರೋಜೆನ್, ತಪ್ಪು ತಿಳ್ಕೊಂಡೆ. ಹೊಸ ಹಗ್ಗ ಹಾಕಮ್ಮಾ, ಕಡಲ ಭರತ ಇಳಿಯೋದ್ರೊಳಗೆ," ಎಂದಳು.

ಹಾಯಿ ಏರಿತು, ನಿಂತಿತು. ಕತೆಲ್ ಚುಕ್ಕಾಣಿ ಹಿಡಿದು ದಡದತ್ತ ತಿರುಗಿದಳು.

"ಗುಲ್ವೆನ್, ದಡದ ಕಟ್ಟು ಬಿಚ್ಚು."

ಅವನ ಬೆರಳುಗಳು ಬಹಳ ಹೊತ್ತು ತಡವರಿಸಿದವು. ಆಮೇಲೆ ಬಿಚ್ಚಿದವು.